ಸಾಣೆ ಯಂತ್ರಕ್ಕೆ ತಕ್ಕ ಬೆಳಕು

ಉಡುಪಿಯ ಕಲ್ಸಂಕವನ್ನು ದಾಟಿ ಪೂರ್ವಾಭಿಮುಖವಾಗಿ ಹೊರಟರೆ ಮೊದಲು ಸಿಗುವುದು ಮಹಿಷಮರ್ದಿನಿಯ ದೇವಾಲಯದಿಂದ ಪ್ರಸಿದ್ಧವಾದ ಕಡಿಯಾಳಿ. ಅಲ್ಲಿಂದ ಕುಂಜಿಬೆಟ್ಟು, ಇಂದ್ರಾಳಿಗಳನ್ನು ಹಾದು ರಸ್ತೆಯು ಮಣಿಪಾಲದ ಗುಡ್ಡವನ್ನೇರುತ್ತದೆ. 1949ರಲ್ಲಿ ಸ್ಥಾಪಿತವಾದ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು, 1957ರಲ್ಲಿ ಆರಂಭವಾದ ಮಣಿಪಾಲದ ಇಂಜಿನಿಯರಿಂಗ್ ಕಾಲೇಜು ಮೊದಲಾದ ವಿದ್ಯಾಸಂಸ್ಥೆಗಳಿಂದ ಈ ದಾರಿಗೆ ಹೆಸರು ಬಂದಿದೆ. ಆದರೆ ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ವಿದ್ಯೆಯೂ ಸದ್ದಿಲ್ಲದೆ, ಅಥವಾ ಬಹಳ ಸದ್ದಿನೊಡನೆ, ನಡೆದುಬಂದಿದೆ. ವಾಹನ ದುರಸ್ತಿಯ ಗ್ಯಾರೇಜು, ವೆಲ್ಡಿಂಗ್ ಶೆಡ್ಡು, ಮಲ್ಪೆಯ ದೋಣಿಗಳ ಇಂಜಿನನ್ನು ಬಿಚ್ಚಿ ಜೋಡಿಸುವ ಲೇತಿನ ಅಂಗಡಿ, ಬಡಗಿಯ ಕೊಟ್ಟಿಗೆ, ಕಾರ್ಕಳದ ಕಲ್ಲುಕುಟಿಗರ ಚಪ್ಪರ, ಇವುಗಳಲ್ಲಿ ಯಾವುದನ್ನು ಹೊಕ್ಕರೂ ಒಂದು ಮೂಲೆಯಲ್ಲಿ ಎರಡು ಚಕ್ರಗಳ ಸಾಣೆ ಯಂತ್ರ ನಿಂತಿರುವುದು ವಾಡಿಕೆ. ಅದನ್ನು ಯಾರೂ ಮುಖ್ಯ ಯಂತ್ರವೆಂದು ಎಣಿಸುವುದಿಲ್ಲ. ಉಳಿಯ ಮೊನೆ ಮೊಂಡಾದಾಗ, ಡ್ರಿಲ್ಲಿನ ತುದಿ ಸವೆದಾಗ ಎರಡು ನಿಮಿಷ ಅದರ ಮುಂದೆ ನಿಂತು ಹೋಗುವವರೇ ಎಲ್ಲರೂ. ಆದುದರಿಂದಲೇ ಅದರ ಪಾಲಿಗೆ ಪ್ರತ್ಯೇಕ ದೀಪವೊಂದು ಬೇಕೆಂಬ ಯೋಚನೆಯೂ ಸಾಮಾನ್ಯವಾಗಿ ಯಾರಿಗೂ ಬರುವುದಿಲ್ಲ. ಛಾವಣಿಯಿಂದ ಇಳಿಬಿದ್ದ ಯಾವುದೋ ಒಂದು ದೀಪದ ಬೆಳಕು, ಅದೂ ಕೆಲಸಗಾರನ ಬೆನ್ನ ಹಿಂದಿನಿಂದ, ಅವನ ನೆರಳನ್ನೇ ಚಕ್ರದ ಮೇಲೆ ಚೆಲ್ಲುತ್ತಿರುತ್ತದೆ.

ಕರಾವಳಿಯಲ್ಲಿ ಈ ಕೊರತೆ ಇಮ್ಮಡಿಯಾಗುತ್ತದೆ. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಮೋಡ ಕವಿದು ಹಾಡುಹಗಲೇ ದೀಪ ಹಚ್ಚುವ ದಿನಗಳು ಅನೇಕ. ಮಳೆಯ ಇರಚಲಿಗೆ ಅಂಜಿ ಕಿಟಕಿಗಳನ್ನು ಮುಚ್ಚಬೇಕು, ಮಾಡನ್ನು ತಗ್ಗಾಗಿ ಇಳಿಸಬೇಕು. ಹಳಬರು ಇದಕ್ಕೊಂದು ಉಪಾಯವನ್ನು ಕಂಡುಕೊಂಡಿದ್ದರು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ನಾಡಿನಲ್ಲೆಲ್ಲ ಹರಡಿದ ಮಂಗಳೂರು ಹಂಚಿನ ಮಾಡಿನಲ್ಲಿ ಅಲ್ಲಲ್ಲಿ ಒಂದೊಂದು ಗಾಜಿನ ಹಂಚನ್ನು ಕೂರಿಸುವ ಪದ್ಧತಿಯೇ ಅದು. ಸರಿಯಾದ ಜಾಗದಲ್ಲಿ ಕೂರಿಸಿದ ಎರಡು ಗಾಜಿನ ಹಂಚುಗಳು ಒಂದು ಒಳ್ಳೆಯ ದೀಪಕ್ಕೆ ಸಮ; ಬೆಳಕು ಕಂಪಿಸುವುದಿಲ್ಲ, ಬಣ್ಣ ಕೆಡುವುದಿಲ್ಲ, ಖರ್ಚಂತೂ ಇಲ್ಲ. ಆದರೆ ಎರಡು ಮಳೆಗಾಲ ಕಳೆಯುವುದರೊಳಗೆ ಹೊರಮೈಗೆ ಪಾಚಿಯೂ ಒಳಮೈಗೆ ಮಸಿ ಧೂಳುಗಳೂ ಹಿಡಿದು ಅದು ಮಣ್ಣಿನ ಹಂಚಿನಂತೆಯೇ ಆಗಿಬಿಡುತ್ತದೆ. 1948ರ ಕಾರ್ಖಾನೆಗಳ ಅಧಿನಿಯಮವು ತನ್ನ 17ನೆಯ ಪ್ರಕರಣದಲ್ಲಿ ಸಾಕಷ್ಟು ಬೆಳಕು ಇರಬೇಕೆಂದು ವಿಧಿಸಿದ್ದಷ್ಟೇ ಅಲ್ಲದೆ, ಬೆಳಕಿಗಾಗಿ ಇಟ್ಟ ಗಾಜಿನ ಕಿಟಕಿ, ಬೆಳಕಿಂಡಿಗಳ ಎರಡೂ ಮೈಗಳನ್ನು ಶುಚಿಯಾಗಿಡಬೇಕೆಂದೂ, ಕಣ್ಣು ಕುಕ್ಕುವ ಪ್ರಭೆಯನ್ನೂ ಅಪಘಾತಕ್ಕೆ ಎಡೆಕೊಡುವ ನೆರಳುಗಳನ್ನೂ ತಡೆಯಬೇಕೆಂದೂ ಹೇಳಿತು. ಬೆಳಕು ಹೆಚ್ಚಾಗಿರುವುದು ಬೇರೆ, ತಕ್ಕುದಾಗಿರುವುದು ಬೇರೆ ಎಂಬ ವಿವೇಕ ಆ ಪ್ರಕರಣದಲ್ಲಿದೆ.

ಸಾಣೆ ಯಂತ್ರದ ಮುಂದೆ ಈ ವಿವೇಕ ಏಕೆ ಬೇಕೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಶಾಲಾ ಕಾರ್ಯಾಗಾರಗಳಲ್ಲಿ ಇರುವಂಥ ಚಿಕ್ಕ ಯಂತ್ರದ ಚಕ್ರ 150 ಮಿ.ಮೀ. ವ್ಯಾಸದ್ದು, ಅದರ ಮೋಟಾರು ನಿಮಿಷಕ್ಕೆ ಸುಮಾರು 2850 ಸುತ್ತು ತಿರುಗುತ್ತದೆ. ಅಂದರೆ ಚಕ್ರದ ಅಂಚು ಸೆಕೆಂಡಿಗೆ 22 ಮೀಟರಿಗಿಂತ ಸ್ವಲ್ಪ ಹೆಚ್ಚು, ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. 200 ಮಿ.ಮೀ. ಚಕ್ರವಾದರೆ ಆ ವೇಗ ಸೆಕೆಂಡಿಗೆ 30 ಮೀಟರಿಗೆ ಹತ್ತಿರ. ಓಡುವ ಆ ಅಂಚಿಗೂ ಹತಾರವನ್ನು ಆನಿಸುವ ಕಟ್ಟೆಗೂ ನಡುವೆ ಇರಬೇಕಾದ ಸಂದು ಹೆಚ್ಚೆಂದರೆ 3 ಮಿ.ಮೀ. ಚಕ್ರ ಸವೆದಂತೆ ಸಂದು ಹಿಗ್ಗುತ್ತದೆ. ಹಿಗ್ಗಿದ ಸಂದಿನಲ್ಲಿ ಹತಾರವು ಸಿಕ್ಕಿ ಕೆಳಕ್ಕೆ ಎಳೆಯಲ್ಪಟ್ಟರೆ ಚಕ್ರ ಒಡೆಯುವುದೂ ಉಂಟು, ಬೆರಳು ಅದರೊಡನೆ ಹೋಗುವುದೂ ಉಂಟು. 3 ಮಿ.ಮೀ. ಸಂದು 6 ಮಿ.ಮೀ. ಆದುದನ್ನು ನೋಡಿ ತಿಳಿಯಬೇಕಾದವನು ಅದರ ಮುಂದೆ ನಿಂತವನೇ. ಕಟ್ಟೆಯ ಮೇಲೆ ಅವನದೇ ನೆರಳು ಬಿದ್ದಿದ್ದರೆ ಅದು ಕಾಣುವ ಬಗೆ ಹೇಗೆ? ಚಕ್ರದ ಪಕ್ಕದ ಕೂದಲೆಳೆಯ ಬಿರುಕು ಕಾಣುವ ಬಗೆ ಹೇಗೆ?

ಇನ್ನು ಬೆಳಕು ಧಾರಾಳವಾಗಿದ್ದರೂ ಅದೇ ಕಣ್ಣನ್ನು ವಂಚಿಸುವ ಪ್ರಸಂಗವೊಂದಿದೆ. ಸಾಣೆ ಯಂತ್ರದ ದೀಪವನ್ನು ಆರಿಸುವವರು ಎಲ್ಲಕ್ಕಿಂತ ಮೊದಲು ಅರಿಯಬೇಕಾದುದು ಇದನ್ನೇ. ನಮ್ಮ ದೇಶದ ವಿದ್ಯುತ್ ಪ್ರವಾಹ ಸೆಕೆಂಡಿಗೆ 50 ಆವರ್ತಗಳದು. ಪ್ರತಿ ಆವರ್ತದಲ್ಲಿ ಪ್ರವಾಹವು ಎರಡು ಬಾರಿ ಶೂನ್ಯಕ್ಕೆ ಇಳಿದೇರುವುದರಿಂದ ದೀಪವು ಸೆಕೆಂಡಿಗೆ 100 ಬಾರಿ ಮಂಕಾಗಿ ಮತ್ತೆ ಬೆಳಗುತ್ತದೆ. ಹಳೆಯ ತಂತಿಯ ಬಲ್ಬಿನಲ್ಲಿ ಕಾದ ತಂತಿ ಅಷ್ಟು ಬೇಗ ಆರದೆ ಇರುವುದರಿಂದ ಈ ಏರಿಳಿತ ಅಲ್ಪ. ಚೋಕು ಹಾಕಿದ ಹಳೆಯ ಟ್ಯೂಬ್‌ಲೈಟಿನಲ್ಲಿ ಅದು ಬಲವಾಗಿತ್ತು. ಈಗ ಮನೆಮನೆಗೂ ಬಂದಿರುವ ಎಲ್‌ಇಡಿ ದೀಪಗಳಲ್ಲಿ ಒಳಗಿನ ವಿದ್ಯುತ್ ಮಂಡಲ ಚೆನ್ನಾಗಿದ್ದರೆ ಏರಿಳಿತ ಇಲ್ಲವೆಂಬಷ್ಟು ಕಡಿಮೆ. ಅಗ್ಗದ ದೀಪದಲ್ಲಿ ಟ್ಯೂಬ್‌ಲೈಟಿಗಿಂತಲೂ ಹೆಚ್ಚು. ಬರಿಗಣ್ಣಿಗೆ ಎರಡೂ ಒಂದೇ ರೀತಿ ಸ್ಥಿರವಾಗಿ ಕಾಣುವುದೇ ಇಲ್ಲಿನ ತೊಡಕು.

ನಿಮಿಷಕ್ಕೆ 2850 ಸುತ್ತೆಂದರೆ ಸೆಕೆಂಡಿಗೆ 47.5 ಸುತ್ತು, ದೀಪದ ಒಂದು ಮಿನುಗಿಗೂ ಇನ್ನೊಂದಕ್ಕೂ ನಡುವೆ ಚಕ್ರ ತಿರುಗುವುದು 0.475 ಸುತ್ತು, ಅಂದರೆ ಅರ್ಧಕ್ಕೆ ಕೊಂಚವೇ ಕಡಿಮೆ. ಚಕ್ರವನ್ನು ಬಿಗಿಹಿಡಿದ ಆರು ಮೂಲೆಯ ನಟ್ಟು ಅರ್ಧ ಸುತ್ತು ತಿರುಗಿದರೂ ಮೊದಲಿನಂತೆಯೇ ಕಾಣುತ್ತದೆ. ಆದುದರಿಂದ ಕಂಪಿಸುವ ಬೆಳಕಿನಲ್ಲಿ ಪೂರ್ಣ ವೇಗದಿಂದ ಓಡುವ ಆ ನಟ್ಟು ಹಿಮ್ಮುಖವಾಗಿ, ನಿಮಿಷಕ್ಕೆ ಕೇವಲ 150 ಸುತ್ತಿನ ನಿಧಾನದಲ್ಲಿ ತಿರುಗುತ್ತಿರುವಂತೆ ತೋರುತ್ತದೆ. ನೋಡಿದವನಿಗೆ ಯಂತ್ರ ಇನ್ನೇನು ನಿಲ್ಲಲಿದೆ ಎನಿಸಿದರೆ ಅದು ಅವನ ತಪ್ಪಲ್ಲ. ಗುಂಡಿಯನ್ನು ಆರಿಸಿದ ಬಳಿಕ ಚಕ್ರವು ವೇಗ ಕಳೆದುಕೊಳ್ಳುತ್ತ ಬರುವಾಗ ಸಂಗತಿ ಇನ್ನೂ ಕೆಟ್ಟದು: ನಿಮಿಷಕ್ಕೆ 2000 ಸುತ್ತಿನಲ್ಲೊಮ್ಮೆ, 1000 ಸುತ್ತಿನಲ್ಲೊಮ್ಮೆ ಅದೇ ನಟ್ಟು ಅರೆಗಳಿಗೆ ಪೂರ್ತಿ ನಿಂತೇಹೋದಂತೆ ಕಾಣುತ್ತದೆ. ನಾಲ್ಕು ಹಿಡಿಗಳ ಚಕ್ಕಿರುವ ಲೇತು ನಿಮಿಷಕ್ಕೆ 1500 ಸುತ್ತು ತಿರುಗಿದಾಗ ಆಗುವುದೂ ಇದೇ ಚಮತ್ಕಾರ. ಇನ್ನು ನುಣುಪಾದ, ತೂಕ ಸರಿಹೊಂದಿದ ಚಕ್ರವಂತೂ ಹಗಲ ಬೆಳಕಿನಲ್ಲಿಯೂ ಓಡುತ್ತಿದೆಯೋ ನಿಂತಿದೆಯೋ ತಿಳಿಯದು. ಪಕ್ಕದಲ್ಲಿ ಬೇರೊಂದು ಯಂತ್ರ ಸದ್ದು ಮಾಡುತ್ತಿದ್ದರೆ ಅದರ ಗುಂಯ್‌ಗುಡುವಿಕೆಯೂ ಕೇಳದು. ಅಂಥಲ್ಲಿ ನಟ್ಟೊಂದೇ ಕಣ್ಣಿಗೆ ಸಾಕ್ಷಿ. ಆ ಸಾಕ್ಷಿಯೇ ಸುಳ್ಳು ಹೇಳುವಂತೆ ಮಾಡುವ ದೀಪವನ್ನು ಅಲ್ಲಿ ತೂಗುಹಾಕಬಾರದು.

ದೀಪವನ್ನು ಪರೀಕ್ಷಿಸುವುದಕ್ಕೆ ಉಪಕರಣವೇನೂ ಬೇಡ. ಕತ್ತಲಿನ ಹಿನ್ನೆಲೆಯಲ್ಲಿ, ಆ ದೀಪವೊಂದರ ಬೆಳಕಿನಲ್ಲಿಯೇ, ಬಿಳಿಯ ಕಡ್ಡಿಯನ್ನೋ ಪೆನ್ಸಿಲನ್ನೋ ವೇಗವಾಗಿ ಬೀಸಬೇಕು. ಬೀಸಿದ ದಾರಿಯೆಲ್ಲ ಒಂದೇ ಮಂಜಿನ ಪಟ್ಟಿಯಂತೆ ಕಂಡರೆ ಬೆಳಕು ಸ್ಥಿರ. ಬೀಸಣಿಗೆಯ ಕಡ್ಡಿಗಳಂತೆ ಬಿಡಿಬಿಡಿಯಾಗಿ ಹಲವು ಪೆನ್ಸಿಲುಗಳು ಕಂಡರೆ ಆ ದೀಪ ಸಾಣೆಯ ಬಳಿಗೆ ಸಲ್ಲದು. ಎಂಟನೆಯ ತರಗತಿಯ ವಿಜ್ಞಾನದ ಉಪಾಧ್ಯಾಯರು ಕಪ್ಪುಬಿಳಿ ಗೆರೆ ಬಳಿದ ಬುಗುರಿಯನ್ನು ಆಡಿಸಿ ಇದನ್ನೇ ಇನ್ನೂ ಚೆಂದವಾಗಿ ತೋರಿಸಬಹುದು. ಮೊಬೈಲ್ ಫೋನಿನ ಕ್ಯಾಮರಾದಲ್ಲಿ ನೋಡಿದಾಗ ಅಡ್ಡಪಟ್ಟೆಗಳು ಹರಿಯುತ್ತಿದ್ದರೂ ಅದೇ ಅರ್ಥ. ಪರಿಹಾರಗಳಲ್ಲಿ ಉತ್ತಮವಾದುದು 24 ವೋಲ್ಟಿನ ಸ್ಥಿರ ನೇರಪ್ರವಾಹದಿಂದ ಉರಿಯುವ ಎಲ್‌ಇಡಿ ದೀಪ. ಅದರಲ್ಲಿ ಏರಿಳಿತಕ್ಕೆ ಆಸ್ಪದವೇ ಇಲ್ಲ. ಮೂರು ಫೇಸುಗಳ ಸಂಪರ್ಕವಿರುವ ದೊಡ್ಡ ಶಾಲೆಗಳಲ್ಲಿ ಛಾವಣಿಯ ದೀಪಗಳನ್ನು ಒಂದಾದ ಮೇಲೊಂದರಂತೆ ಮೂರೂ ಫೇಸುಗಳಿಗೆ ಹಂಚಿದರೆ ಒಂದರ ಮಂಕನ್ನು ಇನ್ನೊಂದರ ಪ್ರಕಾಶ ತುಂಬುತ್ತದೆ. ಟ್ಯೂಬ್‌ಲೈಟುಗಳ ಕಾಲದಲ್ಲಿ ಕಾರ್ಖಾನೆಗಳು ಇದನ್ನು ಕಡ್ಡಾಯವೆಂಬಂತೆ ಪಾಲಿಸುತ್ತಿದ್ದವು.

ಬೆಳಕಿನ ಪ್ರಮಾಣದ ವಿಚಾರದಲ್ಲಿ ಅಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಒರಟು ಕೆಲಸಕ್ಕೆ 300 ಲಕ್ಸ್, ಸಾಮಾನ್ಯ ಹತಾರಗಳ ಮಸೆತಕ್ಕೆ 500, ಡ್ರಿಲ್ಲಿನ ಕೋನವನ್ನೋ ಅಳತೆಯ ಸೂಕ್ಷ್ಮ ಗೆರೆಯನ್ನೋ ನೋಡುವಲ್ಲಿ 750ರಿಂದ 1000 ಲಕ್ಸ್ ಇದ್ದರೆ ಸಾಕು. ದೀಪವು ಹತ್ತಿರ ಬಂದಷ್ಟೂ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಹೆಚ್ಚುವುದರಿಂದ, 1 ಮೀಟರ್ ಎತ್ತರದಲ್ಲಿದ್ದ ದೀಪವನ್ನು ಅರ್ಧ ಮೀಟರಿಗೆ ಇಳಿಸಿದರೆ ಅದೇ ದೀಪ ನಾಲ್ಕು ಪಟ್ಟು ಬೆಳಗುತ್ತದೆ. ಅರ್ಧ ಮೀಟರ್ ದೂರದಿಂದ 500 ಲಕ್ಸ್ ಬೀಳಿಸಲು ಬೇಕಾದುದು ಆ ದಿಕ್ಕಿನಲ್ಲಿ 125 ಕ್ಯಾಂಡೆಲಾ ಮಾತ್ರ. 5 ವ್ಯಾಟಿನ ಒಳ್ಳೆಯ ಎಲ್‌ಇಡಿ ದೀಪ, ಬೆಳಕನ್ನು ಕೂಡಿಸುವ ಮುಖವಿದ್ದರೆ, ಅದಕ್ಕಿಂತ ಹೆಚ್ಚನ್ನೇ ಕೊಡುತ್ತದೆ. ಆದರೆ ಸಾಣೆಯ ಮೇಲೆ ಮಾತ್ರ ಬೆಳಕಿದ್ದು ಸುತ್ತ ಕತ್ತಲಿದ್ದರೆ, ತಲೆಯೆತ್ತಿದಾಗಲೆಲ್ಲ ಕಣ್ಣು ಹೊಂದಿಕೊಳ್ಳಲು ಹೆಣಗಬೇಕಾಗುತ್ತದೆ. ಸುತ್ತಲಿನ ಬೆಳಕು ಕೆಲಸದ ಬೆಳಕಿನ ಮೂರನೆಯ ಒಂದು ಪಾಲಾದರೂ ಇರಬೇಕು. ವಯಸ್ಸಿನ ಮಾತೂ ಒಂದಿದೆ. ಅರವತ್ತು ದಾಟಿದವರ ಕಣ್ಣಿನ ಒಳಪರದೆಗೆ ತಲಪುವ ಬೆಳಕು ಇಪ್ಪತ್ತರವರಿಗೆ ತಲಪುವುದರ ಸುಮಾರು ಮೂರನೆಯ ಒಂದು ಪಾಲು. ಶಿಷ್ಯನಿಗೆ ಸಾಕಾದ ಬೆಳಕು ಗುರುವಿಗೆ ಸಾಲದು. ದೀಪವನ್ನು ಆರಿಸುವಾಗ ಇಬ್ಬರೂ ನಿಂತು ನೋಡುವುದು ಒಳ್ಳೆಯದು.

ಬೆಳಕು ಬರುವ ದಿಕ್ಕು ಮಾತ್ರ ನಿಜವಾಗಿ ಯೋಚಿಸಬೇಕಾದ ವಿಷಯ. ಎರಡು ಚಕ್ರಗಳಿದ್ದರೆ ಎರಡು ದೀಪಗಳೇ ಬೇಕು. ನಡುವೆ ಒಂದನ್ನಿಟ್ಟರೆ ಎರಡೂ ಕಡೆ ಹತಾರದ ನೆರಳೇ ಮುಂದಾಗುತ್ತದೆ. ಬೆಳಕು ಮೇಲಿನಿಂದ, ಸ್ವಲ್ಪ ಪಕ್ಕದಿಂದ, ಚಕ್ರವೂ ಕಟ್ಟೆಯೂ ಕೂಡುವ ಜಾಗಕ್ಕೆ ಬೀಳಬೇಕು. ದೀಪದ ಮೂಲವು ಕಣ್ಣಿಗೆ ಬೀಳದಂತೆ ಅದಕ್ಕೊಂದು ಆಳವಾದ ಮರೆ ಇರಬೇಕು. ಚಕ್ರದ ಮುಂದಿನ ಪಾರದರ್ಶಕ ಕಾಪು ಫಲಕದ ಹೊರಗಡೆಯಿಂದ ಬೆಳಕು ಬಿಟ್ಟರೆ ಫಲಕವೇ ಹೊಳೆದು ಅದರಾಚೆಯದೇನೂ ಕಾಣದು. ಕಾಣದಿದ್ದಾಗ ಹುಡುಗರು ಮಾಡುವುದು ಫಲಕವನ್ನು ಮೇಲಕ್ಕೆತ್ತಿ ಕೆಲಸ ಮಾಡುವುದನ್ನೇ. ಎಷ್ಟೋ ಕಾರ್ಯಾಗಾರಗಳಲ್ಲಿ ಫಲಕಗಳು ಶಾಶ್ವತವಾಗಿ ಆಕಾಶ ನೋಡುತ್ತಿರುವುದಕ್ಕೆ ಅವಿಧೇಯತೆಗಿಂತ ಕೆಟ್ಟ ದೀಪವೇ ಕಾರಣವೆನ್ನಬೇಕು. ದೀಪವು ಫಲಕದ ಒಳಬದಿಯಲ್ಲಿ, ಫಲಕಕ್ಕೂ ಚಕ್ರಕ್ಕೂ ನಡುವೆ ಬೆಳಗುವಂತಿದ್ದರೆ ಈ ತೊಂದರೆಯಿಲ್ಲ. ಫಲಕವಿದ್ದರೂ ಕಣ್ಣಿಗೆ ಕನ್ನಡಕ ತಪ್ಪಬಾರದೆಂಬುದನ್ನು ಇಲ್ಲಿ ಬೇರೆ ಹೇಳಬೇಕಾಗಿಲ್ಲ.

ಸಮತಲ ಸಾಣೆಯಂತಹ ನಿಖರವಾದ ಯಂತ್ರದ ಮುಂದೆ ಬೆಳಕು ಅತಿಯಾಗುವುದೂ ದೋಷವೇ. ಚಕ್ರವನ್ನು ಕೂದಲೆಳೆಯಷ್ಟಷ್ಟೇ ಇಳಿಸುತ್ತ, ಅದು ಲೋಹವನ್ನು ಮೊದಲು ಮುಟ್ಟಿದ ಕ್ಷಣವನ್ನು ಪಳಗಿದ ಕೆಲಸಗಾರನು ಹಾರುವ ಮೊದಲ ಕಿಡಿಯಿಂದ ತಿಳಿಯುತ್ತಾನೆ. ಪ್ರಖರವಾದ ದೀಪದಡಿಯಲ್ಲಿ ಆ ಬಡ ಕಿಡಿ ಕಾಣುವುದೇ ಇಲ್ಲ; ಕಾಣುವ ಹೊತ್ತಿಗೆ ಚಕ್ರ ಆಳಕ್ಕೆ ಇಳಿದಿರುತ್ತದೆ. ಇದಕ್ಕೆ ದೀಪವನ್ನು ಕೈಗೆಟಕುವ ಗುಂಡಿಯಿಂದ ಆರಿಸಿ ಹೊತ್ತಿಸುವಂತಿರಬೇಕು, ಇಲ್ಲವೆ ಕಿಡಿ ಹಾರುವ ಹಿನ್ನೆಲೆಯನ್ನು ಕಪ್ಪಾಗಿ ಬಳಿದಿರಬೇಕು. ಮಸೆದ ಮೈ ಕನ್ನಡಿಯಂತೆ ಹೊಳೆಯುವುದರಿಂದ ಅದನ್ನು ಪರೀಕ್ಷಿಸುವಾಗ ಚುಕ್ಕೆಯಂತಹ ದೀಪಕ್ಕಿಂತ ಅಗಲವಾದ, ಹಾಲುಗಾಜಿನ ಮರೆಯುಳ್ಳ ದೀಪವೇ ಮೇಲು. ಅಂಚಿನಲ್ಲಿ ಉಳಿದ ಮುಳ್ಳನ್ನು ಹುಡುಕುವಾಗ ಮಾತ್ರ ಪಕ್ಕದಿಂದ ಸವರುವಂತೆ ಬೀಳುವ ಬೆಳಕು ಬೇಕು.

ಬಣ್ಣದ ವಿಚಾರವನ್ನು ಹಲವರು ಅಲಂಕಾರವೆಂದು ಭಾವಿಸುವುದುಂಟು. ಸಾಣೆಯ ಮುಂದೆ ಅದು ಹತಾರದ ಪ್ರಾಣದ ಪ್ರಶ್ನೆ. ಇಂಗಾಲದ ಉಕ್ಕಿನ ಉಳಿಯನ್ನು ಒತ್ತಿ ಮಸೆದಾಗ ಅದರ ಅಂಚು ಕಾದು, ಸುಮಾರು 220 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ತಿಳಿ ಹುಲ್ಲಿನ ಹಳದಿಗೂ, 255ರ ಸುಮಾರಿಗೆ ಕಂದಿಗೂ, 280ರಲ್ಲಿ ನೇರಳೆಗೂ, 300ಕ್ಕೆ ನೀಲಿಗೂ ತಿರುಗುತ್ತದೆ. ಮಸೆಯುವಾಗ ನೀಲಿ ಮೂಡಿತೆಂದರೆ ಅಂಚಿನ ಹದ ಹೋಯಿತೆಂದೇ ಅರ್ಥ. ಆ ಭಾಗವನ್ನೆಲ್ಲ ತೆಗೆದು ಮತ್ತೆ ಮಸೆಯಬೇಕು. ಹೈಸ್ಪೀಡ್ ಉಕ್ಕು ಇದನ್ನು ತಾಳಿಕೊಳ್ಳಬಲ್ಲುದು, ಬಡಗಿಯ ಉಳಿ ತಾಳದು. ಹಳದಿಯಿಂದ ಕಂದಿಗೆ ತಿರುಗುವ ಘಳಿಗೆಯಲ್ಲೇ ಕೈ ಹಿಂದೆಗೆದು ನೀರಿಗೆ ಅದ್ದಬೇಕಾದವನಿಗೆ ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ ಈ ಯಾವ ಬಣ್ಣವೂ ತಿಳಿಯದು. ವರ್ಣ ನಿರೂಪಣೆಯ ಸೂಚ್ಯಂಕ 80ಕ್ಕೆ ಕಡಿಮೆಯಿಲ್ಲದ, 4000 ಕೆಲ್ವಿನ್ ಆಸುಪಾಸಿನ ಬಿಳಿಯ ಬೆಳಕನ್ನೇ ಆರಿಸಬೇಕೆನ್ನುವುದು ಈ ಕಾರಣದಿಂದ. ಎರಡೂ ಸಂಖ್ಯೆಗಳು ದೀಪದ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಅಚ್ಚಾಗಿರುತ್ತವೆ. ಅಚ್ಚಾಗದಿದ್ದರೆ ಅದನ್ನು ಕೊಳ್ಳದಿರುವುದು ಲೇಸು.

ಕಾರ್ಕಳದ ಹೆಸರು ಮೇಲೆ ಬಂದಿತು. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ 42 ಅಡಿಯ ಗೊಮ್ಮಟನ ಊರದು. ಧರ್ಮಸ್ಥಳದಲ್ಲಿ ಇಂದು ನಿಂತಿರುವ 39 ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲ ಶೆಣೈಯವರು ಕಡೆದದ್ದೂ ಕಾರ್ಕಳದಲ್ಲಿಯೇ. ಉಳಿ ಸುತ್ತಿಗೆಗಳಿಂದ ನಡೆಯುತ್ತಿದ್ದ ಆ ಕೆಲಸಕ್ಕೆ ಈಗ ವಜ್ರದ ಹರಳು ಕೂರಿಸಿದ ಬಿಲ್ಲೆಗಳ ಕೈ ಸಾಣೆ ಯಂತ್ರಗಳೂ ಬಂದಿವೆ. ಕಲ್ಲನ್ನು ಸಾಣೆ ಹಿಡಿಯುವಾಗ ಏಳುವ ಧೂಳಿನಲ್ಲಿ ಶ್ವಾಸಕೋಶವನ್ನು ಕೆಡಿಸುವುದು ಕಣ್ಣಿಗೆ ಕಾಣುವ ದಪ್ಪ ಧೂಳಲ್ಲ. ಸಾಮಾನ್ಯ ಬೆಳಕಿನಲ್ಲಿ ಕಾಣದೆ ಗಂಟೆಗಟ್ಟಲೆ ತೇಲುವ ಸಿಲಿಕಾದ ನವಿರು ಕಣ. ಅದನ್ನು ಕಾಣಿಸುವ ಶಕ್ತಿಯೂ ದೀಪಕ್ಕುಂಟು. ಮಾಡಿನ ಗಾಜಿನ ಹಂಚಿನಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ಕುಣಿಯುವುದನ್ನು ಎಲ್ಲರೂ ಕಂಡಿದ್ದಾರೆ. ಅದೇ ತತ್ತ್ವದಿಂದ, ಒಂದು ಪ್ರಬಲವಾದ ದೀಪವನ್ನು ಕೆಲಸದ ಆಚೆಗಿಟ್ಟು, ದೀಪದ ಮುಖವನ್ನೇ ಒಂದು ರಟ್ಟಿನಿಂದ ಮರೆಮಾಡಿ ಬೆಳಕಿನ ಕೋಲಿನ ಎದುರಿನಿಂದ ನೋಡಿದರೆ, ಗಾಳಿ ಶುದ್ಧವೆಂದುಕೊಂಡಿದ್ದ ಜಾಗದಲ್ಲಿ ಹೊಗೆಯಂತಹ ಧೂಳು ಕೆಲಸಗಾರನ ಮೂಗಿನತ್ತಲೇ ಏರುವುದು ಕಾಣುತ್ತದೆ. ನೀರು ಬಿಟ್ಟು ಕಡೆದಾಗ, ಧೂಳನ್ನು ಎಳೆಯುವ ಕೊಳವೆಯನ್ನಿಟ್ಟಾಗ ಅದು ಎಷ್ಟು ತಗ್ಗಿತೆಂಬುದನ್ನೂ ಹೀಗೆಯೇ ನೋಡಬಹುದು. ಉಪದೇಶದಿಂದ ಮೂಗಿಗೆ ಬಟ್ಟೆ ಕಟ್ಟದವನೂ ಇದನ್ನೊಮ್ಮೆ ನೋಡಿದರೆ ಸರಿಯಾದ ಮುಸುಕನ್ನು ತಾನಾಗಿ ಕೇಳುತ್ತಾನೆ.

ದೀಪದ ಕಟ್ಟಡಕ್ಕೂ ಕೆಲವು ಲಕ್ಷಣಗಳಿವೆ. ಬಿಸಿ ಕಿಡಿಗಳು ಪ್ಲಾಸ್ಟಿಕ್ಕಿನ ಮುಖವನ್ನು ಸುಟ್ಟು ಕುಳಿ ಮಾಡುತ್ತವೆ. ಗಾಜಿಗೂ ಕರಗಿ ಅಂಟಿಕೊಳ್ಳುತ್ತವೆ. ಆದುದರಿಂದ ಹದಗೊಳಿಸಿದ ಗಟ್ಟಿ ಗಾಜಿನ ಮುಖವಿರಲಿ, ಅದು ಕಿಡಿಯ ದಾರಿಗೆ ಪಕ್ಕಕ್ಕಿರಲಿ, ಬೇಕಾದಾಗ ಗಾಜನ್ನು ಮಾತ್ರ ಬದಲಿಸುವಂತಿರಲಿ. ಸಾಣೆಯ ಧೂಳಿನಲ್ಲಿ ಕಬ್ಬಿಣದ ಪುಡಿಯಿದೆ, ಅದರಲ್ಲಿ ವಿದ್ಯುತ್ತು ಹರಿಯುತ್ತದೆ; ಕರಾವಳಿಯ ಗಾಳಿಯಲ್ಲಿ ಉಪ್ಪೂ ತೇವವೂ ಸೇರಿವೆ. ಧೂಳು ನೀರುಗಳು ಹೊಗದಂತೆ ಮುಚ್ಚಿದ, ಐಪಿ 65 ದರ್ಜೆಯ ದೀಪವನ್ನೇ ಕೊಳ್ಳಬೇಕು. 230 ವೋಲ್ಟನ್ನು ಒದ್ದೆ ಕೈಗಳ ಸಮೀಪಕ್ಕೆ ತರುವುದಕ್ಕಿಂತ ಗೋಡೆಯಲ್ಲೇ 24 ವೋಲ್ಟಿಗೆ ಇಳಿಸಿ ತರುವುದು ಕ್ಷೇಮ. ಇಳಿಸುವ ಪರಿವರ್ತಕವು ಎರಡು ಪ್ರತ್ಯೇಕ ಸುರುಳಿಗಳದಾಗಿರಬೇಕೇ ಹೊರತು ಒಂದೇ ಸುರುಳಿಯದಾಗಿರಬಾರದು. ಬಳುಕುವ ಕತ್ತಿನ ದೀಪವನ್ನು ಚಕ್ರದ ಕವಚಕ್ಕೇ ತಿರುಪಿನಿಂದ ಬಿಗಿಯುವ ವಾಡಿಕೆ ಒಳ್ಳೆಯದಲ್ಲ. ಅದುರಿ ಅದುರಿ ತಿರುಪು ಸಡಿಲವಾಗಿ ಒಂದು ದಿನ ದೀಪವು ಚಕ್ರದ ಮೇಲೆಯೇ ಬೀಳುತ್ತದೆ. ಅಯಸ್ಕಾಂತದ ತಳದಿಂದ ಅಂಟಿಸುವ ದೀಪಗಳಿಗೂ ಇದೇ ಅಪಾಯ, ಜೊತೆಗೆ ಕಬ್ಬಿಣದ ಪುಡಿ ಮುತ್ತುವ ಕಾಟ. ಗೋಡೆಗೋ ಬೇರೆಯೊಂದು ಕಂಬಕ್ಕೋ ಕಟ್ಟಿದ ಗಟ್ಟಿ ತೋಳು ಎಲ್ಲಕ್ಕಿಂತ ಮೇಲು.

ಕಾಯಕವನ್ನು ಪಾಠದಷ್ಟೇ ಗೌರವದಿಂದ ಕಾಣುವ ಮಠದ ಶಾಲೆಗಳಲ್ಲಿ ಕಾರ್ಯಾಗಾರಕ್ಕೆ ಯಂತ್ರಗಳನ್ನು ಕೊಡಿಸುವ ಉದಾರಿಗಳು ಎಂದೂ ಇದ್ದಾರೆ. ಯಂತ್ರದ ಮೇಲೆ ದಾನಿಗಳ ಹೆಸರಿನ ಫಲಕವೂ ಇರುತ್ತದೆ. ಆ ಫಲಕವನ್ನು ಓದುವಷ್ಟು ಬೆಳಕು ಅಲ್ಲಿರುವುದಿಲ್ಲವೆಂಬುದು ಮಾತ್ರ ಸೋಜಿಗ. ಯಂತ್ರದ ಬೆಲೆಯ ಅತ್ಯಲ್ಪ ಅಂಶದಲ್ಲಿ ಅದರ ದೀಪ, ಪರಿವರ್ತಕ, ತೋಳುಗಳು ಒದಗುತ್ತವೆ. ಯಂತ್ರದ ಬೇಡಿಕೆಯ ಪಟ್ಟಿಯಲ್ಲಿಯೇ ಅವನ್ನೂ ಸೇರಿಸಿ ಬರೆಯುವುದು ಉಪಾಧ್ಯಾಯರ ಕೈಯಲ್ಲಿದೆ.

ವಿದ್ಯುತ್ತು ಹಠಾತ್ತನೆ ಹೋಗುವ ಸಂದರ್ಭವನ್ನೂ ಆ ಪಟ್ಟಿ ಬರೆಯುವಾಗಲೇ ನೆನೆಯಬೇಕು. ಮಳೆಗಾಲದಲ್ಲಿ ಕೊಂಬೆಯೊಂದು ತಂತಿಯ ಮೇಲೆ ಬಿದ್ದರೆ ಯಂತ್ರವೂ ದೀಪವೂ ಒಟ್ಟಿಗೆ ಆರುತ್ತವೆ. ಆದರೆ ದೀಪ ಆರಿದ ಕ್ಷಣಕ್ಕೆ ಚಕ್ರ ನಿಲ್ಲುವುದಿಲ್ಲ. ತನ್ನ ಭಾರದ ಓಟದಿಂದಲೇ ಅದು ಕತ್ತಲಲ್ಲಿ ಇನ್ನೂ ಬಹಳ ಹೊತ್ತು ತಿರುಗುತ್ತಿರುತ್ತದೆ, ಈಗ ಮೋಟಾರಿನ ಸದ್ದೂ ಇಲ್ಲದೆ. ಕೈಯಲ್ಲಿ ಹತಾರ ಹಿಡಿದ ಬಾಲಕನು ಅದರ ಎದುರಿಗೇ ನಿಂತಿರುತ್ತಾನೆ. ಸಾಣೆಯ ಮೇಲ್ಗಡೆ ತಾನಾಗಿ ಹೊತ್ತಿಕೊಳ್ಳುವ ಬ್ಯಾಟರಿಯ ಚಿಕ್ಕ ದೀಪವೊಂದನ್ನು ಇಟ್ಟರೆ ಆ ಒಂದೆರಡು ನಿಮಿಷಗಳು ಬೆಳಕಿನಲ್ಲಿ ಕಳೆಯುತ್ತವೆ. ವಿದ್ಯುತ್ತು ಮರಳಿದಾಗ ಯಂತ್ರವು ತಾನಾಗಿ ಓಡತೊಡಗದಂತೆ, ಮತ್ತೊಮ್ಮೆ ಹಸಿರು ಗುಂಡಿಯನ್ನು ಒತ್ತಿದರೆ ಮಾತ್ರ ಚಾಲೂ ಆಗುವ ಸ್ಟಾರ್ಟರನ್ನು ಅದಕ್ಕೆ ಜೋಡಿಸಿರಬೇಕು. ತಿಂಗಳಿಗೊಮ್ಮೆ ದೀಪದ ಗಾಜನ್ನು ಒದ್ದೆ ಬಟ್ಟೆಯಿಂದ ಒರಸುವ ದಿನವೇ ಮುಖ್ಯ ಸ್ವಿಚ್ಚನ್ನು ಆರಿಸಿ ಈ ಎರಡನ್ನೂ ಪರೀಕ್ಷಿಸಿದರೆ, ಚಕ್ರ ಪೂರ್ತಿ ನಿಲ್ಲಲು ಎಷ್ಟು ಹೊತ್ತು ಹಿಡಿಯುತ್ತದೆಂಬುದನ್ನು ಗಡಿಯಾರ ಹಿಡಿದು ಅಳೆದು ಗೋಡೆಯ ಮೇಲೆ ಬರೆದಿಡಬಹುದು.